ಅಡವಿಟ್ಟ ಬಳೆ, ಬಿಟ್ಟಿ ಕ್ಯಾಮೆರಾ

ನಮ್ಮ ಕನ್ನಡ ಸಂಘಗಳ ವಾರ್ಷಿಕೋತ್ಸವದ ಜಮಾ-ಖರ್ಚಿನ ಪಟ್ಟಿಯನ್ನು ಯಾರಾದರೂ ಗಮನವಿಟ್ಟು ಓದಿದ್ದುಂಟೇ? ಸಭಾಗೃಹದ ಬಾಡಿಗೆ ಇಷ್ಟು, ಧ್ವನಿವರ್ಧಕಕ್ಕೆ ಇಷ್ಟು, ರಂಗಸಜ್ಜಿಕೆಗೆ ಇಷ್ಟು, ಊಟೋಪಚಾರಕ್ಕೆ ಇಷ್ಟು, ಅತಿಥಿಗಳ ಶಾಲು-ಹಾರ-ಫಲತಾಂಬೂಲಕ್ಕೆ ಇಷ್ಟು. ಎಲ್ಲಕ್ಕೂ ರಸೀದಿಯುಂಟು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಕ್ಯಾಮೆರಾ ಹೊತ್ತು ವೇದಿಕೆಯ ಸುತ್ತ ಹೆಜ್ಜೆ ಸವೆಸಿದ ಹುಡುಗನ ಹೆಸರಿನ ಮುಂದೆ ಯಾವ ಮೊತ್ತವೂ ಇರುವುದಿಲ್ಲ. ವಂದನಾರ್ಪಣೆಯ ಕೊನೆಯಲ್ಲಿ 'ನಮ್ಮವನೇ ಆದ' ಎಂಬ ವಿಶೇಷಣವೊಂದು ಅವನ ಪಾಲಿಗೆ ಸಲ್ಲುತ್ತದೆ, ಅಷ್ಟೆ.

ಇದು ಸಣ್ಣ ವಿಷಯ, ಇದಕ್ಕೊಂದು ಲೇಖನವೇಕೆ ಎಂದು ಕೇಳುವವರಿದ್ದಾರೆ. ನನಗೆ ಇದು ಸಣ್ಣದಾಗಿ ತೋರುವುದಿಲ್ಲ. ಮುಂಬಯಿ ಕನ್ನಡಿಗರ ಎರಡನೆಯ, ಮೂರನೆಯ ತಲೆಮಾರಿನ ಮಕ್ಕಳಲ್ಲಿ ಹಲವರು ಇಂದು ಹೋಟೆಲು, ಬ್ಯಾಂಕು, ಕಾರಕೂನಿಕೆಗಳನ್ನು ಬಿಟ್ಟು ಚಿತ್ರೀಕರಣದ ಉದ್ಯೋಗದತ್ತ ಮುಖ ಮಾಡಿದ್ದಾರೆ. ಅದರಲ್ಲೂ ನಡೆಯುತ್ತ, ಓಡುತ್ತ ಕ್ಯಾಮೆರಾವನ್ನು ಅಲುಗಾಡದಂತೆ ಒಯ್ಯುವ ಕೆಲಸ, ಅಂದರೆ ಸ್ಟೆಡಿಕ್ಯಾಮ್ ಮತ್ತು ಗಿಂಬಲ್ ಎಂಬ ಸಾಧನಗಳ ಆಪರೇಟರ್ ಆಗುವುದು, ಅವರನ್ನು ಬಹಳವಾಗಿ ಸೆಳೆಯುತ್ತಿದೆ. ಆ ಹುಡುಗರನ್ನು ನಾನು ದೂರುವವನಲ್ಲ. ನನ್ನ ದೂರು ದೊಡ್ಡವರ ಮೇಲೆ. ಮೊದಲು ಬೇಡವೆಂದು ಹಟ ಹಿಡಿದು, ಆಮೇಲೆ ಮಗನ ಹಟಕ್ಕೆ ಸೋತು ಸಾಲ ಮಾಡಿ ಯಂತ್ರ ಕೊಡಿಸುವ ತಂದೆತಾಯಿಗಳ ಮೇಲೆ; ಆ ಯಂತ್ರವನ್ನೂ ಅದರ ಹಿಂದಿನ ಮೈಯನ್ನೂ ಬಿಟ್ಟಿಯಾಗಿ ದುಡಿಸಿಕೊಳ್ಳುವ ನಮ್ಮ ಸಂಘ-ಸಂಸ್ಥೆಗಳ ಮೇಲೆ.

ಇದೇನು ವಿದ್ಯೆ?

'ಕ್ಯಾಮೆರಾ ಹಿಡಿದುಕೊಂಡು ನಡೆಯುವುದೂ ಒಂದು ಕೆಲಸವೇ?' ಎಂದು ಹಗುರವಾಗಿ ಮಾತನಾಡುವವರಿಗಾಗಿ ನಾಲ್ಕು ಮಾತು ಹೇಳಬೇಕಾಗಿದೆ.

ಅಮೆರಿಕದ ಗ್ಯಾರೆಟ್ ಬ್ರೌನ್ ಎಂಬಾತ 1970ರ ದಶಕದ ನಡುವೆ ಸ್ಟೆಡಿಕ್ಯಾಮ್ ಕಂಡುಹಿಡಿದ. ಅದಕ್ಕೆ ಮುಂಚೆ ಕ್ಯಾಮೆರಾ ಚಲಿಸಬೇಕೆಂದರೆ ಹಳಿ ಹಾಕಿ ಗಾಡಿಯ ಮೇಲೆ ತಳ್ಳಬೇಕಾಗಿತ್ತು, ಇಲ್ಲವೇ ಹೆಗಲ ಮೇಲೆ ಹೊತ್ತು ಕುಲುಕಾಟವನ್ನು ಸಹಿಸಬೇಕಾಗಿತ್ತು. ಬ್ರೌನನ ಉಪಾಯ ಸರಳವಾದರೂ ಆಳವಾದುದು. ಕಂಬದ ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ಬ್ಯಾಟರಿ ಮತ್ತು ಮಾನಿಟರ್. ಭಾರವೆಲ್ಲ ಹೀಗೆ ದೂರ ದೂರ ಹರಡಿದಾಗ ಆ ಕಂಬ ಸುಲಭವಾಗಿ ತಿರುಗದು, ನಡುಗದು. ಅದರ ಗುರುತ್ವಕೇಂದ್ರದ ಹತ್ತಿರವೇ ಗಿಂಬಲ್ ಎಂಬ ತಿರುಗುಕೀಲು. ಅಲ್ಲಿ ಬೆರಳ ತುದಿಗಳ ಸ್ಪರ್ಶ ಮಾತ್ರ. ಭಾರವನ್ನು ಹೊರುವುದು ಸ್ಪ್ರಿಂಗುಗಳುಳ್ಳ ತೋಳು. ಆ ತೋಳು ಸೇರುವುದು ಆಪರೇಟರ್ ತೊಟ್ಟ ಕವಚಕ್ಕೆ. ಮೈಯ ಕುಲುಕಾಟ ತೋಳಿನಲ್ಲಿಯೇ ಇಂಗಿಹೋಗುತ್ತದೆ, ಚಿತ್ರಕ್ಕೆ ತಲುಪುವುದಿಲ್ಲ.

ಈ ಸಾಧನ ಮೊದಲು ಮೆರೆದದ್ದು 1976ರ 'ಬೌಂಡ್ ಫಾರ್ ಗ್ಲೋರಿ' ಚಿತ್ರದಲ್ಲಿ. ಬ್ರೌನ್ ಕ್ರೇನಿನ ಮೇಲಿಂದ ಕೆಳಗಿಳಿದು, ಹಾಗೆಯೇ ನೆಲಕ್ಕೆ ಕಾಲಿಟ್ಟು, ಜನಸಂದಣಿಯ ನಡುವೆ ನಾಯಕನ ಹಿಂದೆ ನಡೆದುಹೋದ. ಅದು ಯಾರ ಸಂದಣಿ ಗೊತ್ತೇ? ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ವಲಸೆಗಾರರ ಶಿಬಿರದ್ದು. ನಮ್ಮ ಅಜ್ಜಂದಿರಂಥವರ ನಡುವೆಯೇ ಈ ವಿದ್ಯೆ ತನ್ನ ಮೊದಲ ಹೆಜ್ಜೆ ಇಟ್ಟಿತೆಂದರೆ ತಪ್ಪಾಗದು. ಅದೇ ವರ್ಷ 'ರಾಕಿ' ಬಂದಿತು. 1978ರಲ್ಲಿ ಬ್ರೌನನಿಗೆ ತಾಂತ್ರಿಕ ಸಾಧನೆಗಾಗಿ ಆಸ್ಕರ್ ಸಂದಿತು. 1980ರಲ್ಲಿ ಕುಬ್ರಿಕ್‌ನ 'ದಿ ಶೈನಿಂಗ್' ಬಂದ ಮೇಲಂತೂ ಇದು ಕೇವಲ ಸಾಧನವಲ್ಲ, ಕಥೆ ಹೇಳುವ ಒಂದು ರೀತಿ ಎಂಬುದು ಲೋಕಕ್ಕೆ ಮನವರಿಕೆಯಾಯಿತು.

ಇನ್ನು ಇಂದಿನ ಎಲೆಕ್ಟ್ರಾನಿಕ್ ಗಿಂಬಲ್. 2013ರಲ್ಲಿ ಫ್ರೀಫ್ಲೈ ಕಂಪನಿಯ ಮೋವಿ ಬಂದಿತು, ಮರುವರ್ಷ ಡಿಜೆಐ ಕಂಪನಿಯ ರೋನಿನ್. ಇವುಗಳಲ್ಲಿ ಸಂವೇದಕಗಳು ಅಲುಗಾಟವನ್ನು ಅಳೆಯುತ್ತವೆ, ಮೂರು ಮೋಟರುಗಳು ಕ್ಷಣಾರ್ಧದಲ್ಲಿ ಅದನ್ನು ಸರಿಪಡಿಸುತ್ತವೆ. ಮದುವೆಯ ಮಂಟಪದಲ್ಲಿ ಹುಡುಗರ ಕೈಯಲ್ಲಿ ನೀವು ನೋಡುವುದು ಇದರದೇ ಚಿಕ್ಕ ರೂಪ. 'ಎಲ್ಲವನ್ನೂ ಯಂತ್ರವೇ ಮಾಡುವಾಗ ಮನುಷ್ಯನಿಗೇನು ಕೆಲಸ?' ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಉತ್ತರ ಸುಲಭವಾಗಿದೆ. ಮೋಟರು ತಿದ್ದುವುದು ಕ್ಯಾಮೆರಾದ ಓಲಾಟವನ್ನು, ತಿರುಗಾಟವನ್ನು ಮಾತ್ರ. ಹೆಜ್ಜೆಯೊಡನೆ ಕ್ಯಾಮೆರಾ ಮೇಲಕ್ಕೂ ಕೆಳಕ್ಕೂ ಜಿಗಿಯುವುದನ್ನು ಅದು ತಿದ್ದದು. ಅದನ್ನು ತಿದ್ದಬೇಕಾದದ್ದು ಮಣಿಗಂಟು, ಸೊಂಟ ಮತ್ತು ಪಾದ. ಹಳೆಯ ಉಡುಪಿ ಹೋಟೆಲಿನ ಮಾಣಿಯನ್ನು ನೆನೆದುಕೊಳ್ಳಿ. ಒಂದೇ ಕೈಯಲ್ಲಿ ಮೂರು ಲೋಟ ಕಾಫಿ ಹಿಡಿದು, ಜನ ತುಂಬಿದ ಮೇಜುಗಳ ನಡುವೆ ತೊಟ್ಟೂ ಚೆಲ್ಲದೆ ಆತ ಬರುತ್ತಿದ್ದನಲ್ಲ, ಆ ನಡಿಗೆಯನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ?

ಅದಿರಲಿ. ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಹತ್ತಿರ ಹೋಗಬೇಕು, ನಟನ ಮುಖವೋ ಕೈಯೋ ಎಂಬುದನ್ನು ಯಾವ ಮೋಟರು ತೀರ್ಮಾನಿಸೀತು?

ಚೆಂಡೆ ಕೊಂಡವನೆಲ್ಲ ಚೆಂಡೆಗಾರನಲ್ಲ

ನಾನು ಬಲ್ಲ ಒಂದು ಮನೆ. ಹೆಸರು ಬೇಡ, ಉಪನಗರವೂ ಬೇಡ. ಮಗ ಪದವಿ ಮುಗಿಸಿದ. 'ಕೋರ್ಸು ಮುಗಿದ ಕೂಡಲೇ ಕೆಲಸ ಖಚಿತ' ಎಂಬ ಜಾಹೀರಾತು ನೋಡಿ ಒಂದು ತರಬೇತಿ ಕೇಂದ್ರಕ್ಕೆ ಹಣ ತೆತ್ತ. ಅಲ್ಲಿ ಹೇಳಿದರಂತೆ, ಸ್ವಂತ ಸಾಧನವಿಲ್ಲದವನನ್ನು ಯಾರೂ ಕರೆಯುವುದಿಲ್ಲ ಎಂದು. ತಾಯಿ ಕೈಬಳೆಗಳನ್ನು ಅಡವಿಟ್ಟಳು. ಕ್ಯಾಮೆರಾ ಬಂತು, ಗಿಂಬಲ್ ಬಂತು, ಎರಡು ಲೆನ್ಸ್ ಬಂದವು. ಕೆಲಸ ಬರಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಅದೇ ಕಂಪನಿಯ ಹೊಸ ಮಾದರಿ ಮಾರುಕಟ್ಟೆಗೆ ಬಂದು, ಹಳೆಯದರ ಬೆಲೆ ಅರ್ಧಕ್ಕೂ ಕೆಳಗಿಳಿಯಿತು. ಬಡ್ಡಿ ಮಾತ್ರ ಇಳಿಯಲಿಲ್ಲ.

ಇಂಥ ಮನೆ ಒಂದೇ ಎಂದು ಭಾವಿಸಬೇಡಿ. ನಾವು ವ್ಯಾಪಾರಿ ಮನೋಭಾವದ ಜನ. ಅಂಗಡಿ ಹಾಕುವುದೆಂದರೆ ಮೊದಲು ಗಲ್ಲಾಪೆಟ್ಟಿಗೆ, ಕಪಾಟು ಕೊಳ್ಳಬೇಕು ಎಂದೇ ನಮ್ಮ ಎಣಿಕೆ. ಆದರೆ ಯಕ್ಷಗಾನ ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕೇ? ಚೆಂಡೆ ಕೊಂಡವನೆಲ್ಲ ಚೆಂಡೆಗಾರನಾಗುತ್ತಾನೆಯೇ? ಗುರುವಿನ ಬಳಿ ಕೂತು, ತಾಳ ಹಾಕಿ, ಬಾಯಿಪಾಠ ಒಪ್ಪಿಸಿ, ಬೆರಳು ನೊಂದ ಮೇಲೆ ಅಲ್ಲವೇ ಚೆಂಡೆಯ ಕೋಲು ಕೈಗೆ ಬರುವುದು?

ನಮ್ಮವರೇ ಆದ ವಿ. ಕೆ. ಮೂರ್ತಿಯವರ ಬದುಕನ್ನು ನೋಡಿ. ಮೈಸೂರಿನ ಈ ಹುಡುಗ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಮುಂಬಯಿಗೆ ಬಂದು ವರ್ಷಗಟ್ಟಲೆ ಸಹಾಯಕರಾಗಿ ದುಡಿದರು; ಫಲಿ ಮಿಸ್ತ್ರಿಯಂಥವರ ಕೈಕೆಳಗೆ ಪಳಗಿದರು. 1951ರ 'ಬಾಜಿ' ಚಿತ್ರದಲ್ಲಿಯೂ ಅವರು ಸಹಾಯಕರೇ. ಅಲ್ಲಿ ಅವರ ಕೈಚಳಕವನ್ನು ಕಂಡ ಗುರುದತ್ತ್ ಮರುವರ್ಷದ 'ಜಾಲ್' ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. ಆಮೇಲೆ 'ಪ್ಯಾಸಾ', ಆಮೇಲೆ 1959ರಲ್ಲಿ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 'ಕಾಗಜ್ ಕೇ ಫೂಲ್'. ಅದರಲ್ಲಿ ಕನ್ನಡಿಗಳಿಂದ ಸೂರ್ಯನ ಬೆಳಕನ್ನು ಸ್ಟುಡಿಯೋದೊಳಗೆ ತಂದು ಅವರು ಸೃಷ್ಟಿಸಿದ ಬೆಳಕಿನ ಕೋಲು ಇಂದಿಗೂ ವಿದ್ಯಾರ್ಥಿಗಳಿಗೆ ಪಾಠ. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಿತು. ಡಿಪ್ಲೊಮಾಕ್ಕೂ ಸ್ವತಂತ್ರ ಚಿತ್ರಕ್ಕೂ ನಡುವೆ ಆರು ವರ್ಷ. ಅವರ ಏಳಿಗೆಗೆ ಕಾರಣವಾದದ್ದು ಕನ್ನಡಿ ಹಿಡಿಯುವ ಬುದ್ಧಿಯೇ ಹೊರತು ಸ್ವಂತದ ಯಂತ್ರವಲ್ಲ.

ಕಾಲ ಬದಲಾಗಿದೆ, ಈಗ ಸ್ವಂತ ಸಾಧನವಿದ್ದರೇ ಕೆಲಸ ಎಂದು ವಾದಿಸುವವರಿದ್ದಾರೆ. ಅರ್ಧ ನಿಜ. ನುರಿತ ಸ್ಟೆಡಿಕ್ಯಾಮ್ ಆಪರೇಟರುಗಳಲ್ಲಿ ಅನೇಕರು ತಮ್ಮ ಸಾಧನದೊಡನೆಯೇ ಕೆಲಸಕ್ಕೆ ಹೋಗುತ್ತಾರೆ. ದಿನಗೂಲಿಗೆ ಸಾಧನದ ಬಾಡಿಗೆಯೂ ಸೇರುತ್ತದೆ. ಆದರೆ ಅವರು ಕೊಂಡದ್ದು ಕಲಿತ ಮೇಲೆ, ಕರೆಯುವವರು ನಾಲ್ಕು ಜನ ಇದ್ದ ಮೇಲೆ. ಕಲಿಯುವ ಕಾಲಕ್ಕೆ ಬಾಡಿಗೆಯ ಸಾಧನ ಧಾರಾಳವಾಗಿ ಸಾಕು.

ಕಲಿಯುವ ದಾರಿ, ಕೆಲಸ ಸಿಗುವ ದಾರಿ

ಹಾಗಾದರೆ ಎಲ್ಲಿಂದ ಪ್ರಾರಂಭಿಸಬೇಕು? ಬಾಡಿಗೆಗೆ ಕ್ಯಾಮೆರಾ ಕೊಡುವ ಸಂಸ್ಥೆಯಿಂದ. ನಮ್ಮ ದೇಶದಲ್ಲಿ ಕ್ಯಾಮೆರಾ ಬಾಡಿಗೆಗೆ ಹೋದರೆ ಅದರೊಡನೆ ಒಬ್ಬ ಅಟೆಂಡೆಂಟ್ ಹೋಗುವುದು ರೂಢಿ. ಅಂಧೇರಿ, ಗೋರೆಗಾಂವ್ ಕಡೆ ಇಂಥ ಸಂಸ್ಥೆಗಳು ಬೇಕಾದಷ್ಟಿವೆ. ಅಲ್ಲಿ ಪೆಟ್ಟಿಗೆ ಹೊರುವ, ಲೆನ್ಸ್ ಒರೆಸುವ, ಬ್ಯಾಟರಿ ಚಾರ್ಜ್ ಮಾಡುವ ಹುಡುಗ ಆರು ತಿಂಗಳಲ್ಲಿ ಕಾಣುವಷ್ಟು ಸಾಧನಗಳನ್ನು, ನೋಡುವಷ್ಟು ಕೆಲಸಗಾರರನ್ನು ಯಾವ ಕೋರ್ಸಿನಲ್ಲಿಯೂ ಕಾಣಲಾರ. 'ಪದವೀಧರನಾಗಿ ಪೆಟ್ಟಿಗೆ ಹೊರುವುದೇ?' ಎಂದು ಮೂಗು ಮುರಿಯುವ ತಂದೆಗೆ ನಾನು ಕೇಳುವುದಿಷ್ಟೆ: ನಿಮ್ಮ ತಂದೆ ಫೋರ್ಟಿನ ಹೋಟೆಲಿನಲ್ಲಿ ಏನು ಹೊರುತ್ತಿದ್ದರು? ಹಗಲು ತಟ್ಟೆ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರ ಮಕ್ಕಳಲ್ಲವೇ ನಾವು?

ಅಲ್ಲಿಂದ ಮುಂದೆ ಕ್ಯಾಮೆರಾ ಸಹಾಯಕ, ಆಮೇಲೆ ಫೋಕಸ್ ಪುಲ್ಲರ್. ಸ್ಟೆಡಿಕ್ಯಾಮ್ ಹೊತ್ತವನು ಲೆನ್ಸನ್ನು ಮುಟ್ಟುವಂತಿಲ್ಲ, ಮುಟ್ಟಿದರೆ ತೂಕ ತಪ್ಪುತ್ತದೆ. ದೂರದಲ್ಲಿ ನಿಂತು ನಿಸ್ತಂತು ಸಾಧನದಿಂದ ಫೋಕಸ್ ಹಿಡಿಯುವವನು ಬೇರೊಬ್ಬ. ಆ ಜಾಗದಲ್ಲಿ ನಿಂತವನಿಗೆ ಆಪರೇಟರನ ಪ್ರತಿಯೊಂದು ಹೆಜ್ಜೆಯ ಲೆಕ್ಕವೂ ಸಿಗುತ್ತದೆ. ಕೆಲಸ ಸಿಗುವುದೂ ಹಾಗೆಯೇ. ಈ ವ್ಯವಸಾಯದಲ್ಲಿ ಅರ್ಜಿ ಗುಜರಾಯಿಸಿ ನೌಕರಿ ಪಡೆದವರು ಕಡಮೆ. 'ಆ ಹುಡುಗ ಹೊತ್ತಿಗೆ ಸರಿಯಾಗಿ ಬರುತ್ತಾನೆ, ಸಾಧನ ಜೋಪಾನ ಮಾಡುತ್ತಾನೆ, ಸೆಟ್ಟಿನಲ್ಲಿ ಬಾಯಿ ಬಿಗಿಹಿಡಿದಿರುತ್ತಾನೆ' ಎಂಬ ಒಂದು ಮಾತಿನಿಂದ ಕರೆ ಬಂದವರೇ ಬಹಳ. ಹಿರಿಯ ಆಪರೇಟರಿಗೆ ಒಂದೇ ದಿನ ಎರಡು ಕರೆ ಬಂದಾಗ, ಎರಡನೆಯದನ್ನು ಆತ ಯಾರಿಗೆ ದಾಟಿಸುತ್ತಾನೆ? ತಾನು ಕಂಡು ನಂಬಿದವನಿಗೆ. ಸಿನೆಮಾ ಒಂದೇ ಗುರಿಯಾಗಬೇಕಿಲ್ಲ. ಜಾಹೀರಾತು, ದೂರದರ್ಶನದ ಸಂಗೀತ-ನೃತ್ಯ ಸ್ಪರ್ಧೆಗಳು, ಕ್ರೀಡೆ, ಸಭೆ-ಸಮಾರಂಭಗಳ ನೇರ ಪ್ರಸಾರ, ಇವೆಲ್ಲವೂ ಅನ್ನ ಕೊಡುವ ಹೊಲಗಳೇ.

ತಾನು ಮಾಡಿದ ಕೆಲಸದ ಮಾದರಿಯೊಂದು ಕೈಯಲ್ಲಿರಬೇಕು, ಅದೂ ಚಿಕ್ಕದಾಗಿರಬೇಕು. ಗ್ಯಾರೆಟ್ ಬ್ರೌನನಿಗೂ ಕೆಲಸ ಸಿಕ್ಕದ್ದು ಹಾಗೆಯೇ. ತನ್ನ ಸಾಧನದಿಂದ ಮಾತ್ರ ಸಾಧ್ಯವಿದ್ದ ದೃಶ್ಯಗಳನ್ನು ಒಂದು ರೀಲಿನಲ್ಲಿ ಸೇರಿಸಿ ಆತ ತೋರಿಸಿದ. ಅದರಲ್ಲಿ ಅವನ ಗೆಳತಿ ಫಿಲಡೆಲ್ಫಿಯಾದ ಕಲಾ ಸಂಗ್ರಹಾಲಯದ ಮೆಟ್ಟಿಲುಗಳನ್ನು ಓಡಿ ಹತ್ತುವ ದೃಶ್ಯವಿತ್ತು. ಅದನ್ನು ನೋಡಿದ ನಿರ್ದೇಶಕ ಎವಿಲ್ಡ್‌ಸನ್ 'ರಾಕಿ'ಯಲ್ಲಿ ಅದೇ ಮೆಟ್ಟಿಲನ್ನು ಲೋಕಪ್ರಸಿದ್ಧವಾಗಿಸಿದ. ಹಿನ್ನೆಲೆ ಸಂಗೀತ ತುಂಬಿ, ಚೂರುಚೂರು ಕತ್ತರಿಸಿ ಜೋಡಿಸಿದ ರೀಲು ಏನನ್ನೂ ಸಾಬೀತುಮಾಡದು. ಬಾಗಿಲು ದಾಟಿ, ತಿರುವಿನಲ್ಲಿ ಹೊರಳಿ, ಮೆಟ್ಟಿಲೇರಿ, ಮುಖದೆದುರು ಅಲುಗದೆ ನಿಲ್ಲುವ ಒಂದು ನಿಮಿಷದ ಅಖಂಡ ದೃಶ್ಯ ಸಾಕು. ಬಲ್ಲವರಿಗೆ ಎಲ್ಲವೂ ತಿಳಿಯುತ್ತದೆ.

ಅಭ್ಯಾಸವೂ ಬೆಟ್ಟದಷ್ಟಿದೆ. ತೂಕ ಹೊಂದಿಸಲು ಕಲಿಯುವುದಕ್ಕೇ ವಾರಗಳು ಬೇಕು. ಕಂಬವನ್ನು ಅಡ್ಡಹಿಡಿದು ಬಿಟ್ಟರೆ ಅದು ನೆಟ್ಟಗಾಗಲು ಸುಮಾರು ಎರಡು-ಮೂರು ಸೆಕೆಂಡು ಹಿಡಿಯಬೇಕು. ಬೇಗ ಬಿದ್ದರೆ ತಳ ಭಾರವಾಗಿದೆ, ನಿಂತಾಗ, ಹೊರಟಾಗ ತೂಗಾಡುತ್ತದೆ. ನೆಲದ ಮೇಲೆ ಗೆರೆ ಎಳೆದು, ಗೋಡೆಯ ಮೇಲೆ ಗುರುತು ಮಾಡಿ, ಆ ಗುರುತನ್ನು ಚೌಕಟ್ಟಿನ ನಡುವೆ ಹಿಡಿದು ಮುಂದಕ್ಕೂ ಹಿಂದಕ್ಕೂ ನಡೆಯಬೇಕು, ದಿನವೂ. ದೊಡ್ಡ ಕ್ಯಾಮೆರಾ ಏರಿದಾಗ ಎಲ್ಲ ಸೇರಿ 25-30 ಕಿಲೋ ಮೈಮೇಲಿರುತ್ತದೆ. ಸೊಂಟ, ಬೆನ್ನು, ಮೊಣಕಾಲು ಗಟ್ಟಿಯಿರಬೇಕು. ಹಿಂದಕ್ಕೆ ನಡೆಯುವಾಗ ಬೆನ್ನಿಗೊಬ್ಬ ಕಾವಲುಗಾರ ಇರಲೇಬೇಕು. ಅಪಘಾತ ವಿಮೆ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಬಳೆ ಅಡವಿಡುವ ತಾಯಿ ವಿಮೆಯ ಕಂತು ಕಟ್ಟಿದರೆ ಮಗನಿಗೆ ಹೆಚ್ಚು ಉಪಕಾರವಾದೀತು.

'ಭಾರ ಹೊರುವುದು ಗಂಡಸರ ಕೆಲಸ' ಎಂದು ಹೆಣ್ಣುಮಕ್ಕಳನ್ನು ತಡೆಯುವವರಿಗೂ ಒಂದು ಮಾತು. ಕವಚ ಇರುವುದೇ ಭಾರವನ್ನು ತೋಳಿನಿಂದ ತಪ್ಪಿಸಿ ಸೊಂಟಕ್ಕೆ ಇಳಿಸಲು. ಈ ವಿದ್ಯೆಯ ಕೈಪಿಡಿ ಎಂದು ಆಪರೇಟರುಗಳು ಓದುವ 'ದಿ ಸ್ಟೆಡಿಕ್ಯಾಮ್ ಆಪರೇಟರ್ಸ್ ಹ್ಯಾಂಡ್‌ಬುಕ್' ಬರೆದ ಇಬ್ಬರಲ್ಲಿ ಒಬ್ಬರು ಲಾರಿ ಹೇಬಾಲ್ ಎಂಬ ಮಹಿಳೆ. ಬಾವಿಯಿಂದ ಎರಡೆರಡು ಕೊಡ ನೀರು ತಂದ ಅಜ್ಜಿಯರ ಮೊಮ್ಮಕ್ಕಳಿಗೆ ಶಕ್ತಿಯ ಪಾಠ ಹೇಳಲು ನಾವು ಯಾರು?

ಬಿಟ್ಟಿ ದುಡಿಮೆಯ ಪಿಡುಗು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೀಗೆ ಕಲಿತ ಹುಡುಗನಿಗೆ ಮೊದಲ ಹೊಡೆತ ಬೀಳುವುದು ಪರಕೀಯರಿಂದಲ್ಲ, ನಮ್ಮಿಂದಲೇ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮಲ್ಲಿ ಹಿತ್ತಲ ಗಿಡ ಮದ್ದೂ ಹೌದು, ಬೆಲೆ ಮಾತ್ರ ಇಲ್ಲ. ವಾರ್ಷಿಕೋತ್ಸವಕ್ಕೆ ಅವನು ಬರಬೇಕು, ನಾಟಕಕ್ಕೆ ಬರಬೇಕು, ಸದಸ್ಯರ ಮನೆಯ ಸೀಮಂತಕ್ಕೂ ಬರಬೇಕು. ಪದಾಧಿಕಾರಿಗಳು ಕೊಡುವ ಸಮರ್ಥನೆಗಳನ್ನು ಒಂದೊಂದಾಗಿ ನೋಡೋಣ.

'ಇದು ಸಂಘದ ಸೇವೆ. ನಾಟಕದ ಪಾತ್ರಧಾರಿಗಳು ಹಣ ಕೇಳುತ್ತಾರೆಯೇ?' ಕೇಳುವುದಿಲ್ಲ, ನಿಜ. ಏಕೆಂದರೆ ಅವರ ಅನ್ನ ಬ್ಯಾಂಕಿನಲ್ಲೋ ಕಚೇರಿಯಲ್ಲೋ ಬೇಯುತ್ತದೆ. ಈ ಹುಡುಗನ ಅನ್ನ ಬೇಯುವುದು ಇದರಲ್ಲಿಯೇ. ಊಟದ ಗುತ್ತಿಗೆ ಹಿಡಿದವರೂ ನಮ್ಮ ಸದಸ್ಯರೇ ಅಲ್ಲವೇ? ಅವರ ಬಿಲ್ಲನ್ನು ನಾವು ಮರುವಾರವೇ ಪಾವತಿ ಮಾಡುವುದಿಲ್ಲವೇ? ಹುಡುಗನಿಗೆ ಸೇವಾಭಾವವಿದ್ದರೆ ಆತ ತನ್ನ ಕೂಲಿಯನ್ನು ದೇಣಿಗೆಯೆಂದು ಮರಳಿಸಲಿ, ನಾವು ರಸೀದಿ ಕೊಡೋಣ. ಆದರೆ ಮೊದಲು ಕೂಲಿ ಅವನ ಕೈ ಸೇರಲಿ. ಕೊಟ್ಟ ಮೇಲೆ ಬಿಡುವುದು ದಾನ. ಕೊಡುವ ಮೊದಲೇ ಕಸಿದುಕೊಳ್ಳುವುದನ್ನು ಏನೆಂದು ಕರೆಯಬೇಕು?

'ಸಂಘಕ್ಕೆ ಅಷ್ಟು ಶಕ್ತಿಯಿಲ್ಲ.' ಇಲ್ಲದಿದ್ದರೆ ಗಿಂಬಲ್ ಏಕೆ? ಸಭಾಗೃಹದ ಹಿಂದೆ ಒಂದು ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟರೆ ಅಧ್ಯಕ್ಷರ ಭಾಷಣ ಧಾರಾಳವಾಗಿ ದಾಖಲಾಗುತ್ತದೆ. ಇಲ್ಲವೇ ಶಾಲುಗಳ ಸಂಖ್ಯೆ ಇಳಿಯಲಿ.

'ಹುಡುಗರಿಗೆ ಅನುಭವ ಬೇಡವೇ?' ಇದು ಎಲ್ಲಕ್ಕಿಂತ ಮೋಸದ ಮಾತು. ಅನುಭವ ಬರುವುದು ತಪ್ಪನ್ನು ತಿದ್ದುವವರು ಇದ್ದಾಗ. ನಮ್ಮ ಸಮಾರಂಭದಲ್ಲಿ ಚೌಕಟ್ಟು ಓರೆಯಾಯಿತೆಂದು ಹೇಳುವವರು ಯಾರಿದ್ದಾರೆ? ಅಲ್ಲಿ ಹುಡುಗ ಕಲಿಯುವುದು ಒಂದೇ ಪಾಠ: ತನ್ನ ಕೆಲಸಕ್ಕೆ ಬೆಲೆಯಿಲ್ಲ ಎಂಬುದು. ಮನೆಯಲ್ಲಿ ಈ ಪಾಠ ಕಲಿತವನು ನಾಳೆ ಹೊರಗಿನ ನಿರ್ಮಾಪಕನ ಎದುರು ತಲೆಯೆತ್ತಿ ಕೂಲಿ ಕೇಳಿಯಾನೇ? 'ಈಗ ಬಿಟ್ಟಿ ಮಾಡು, ಮುಂದಿನ ಚಿತ್ರದಲ್ಲಿ ನೋಡೋಣ' ಎನ್ನುವವರಿಗೆ, ಮೂರು ತಿಂಗಳಾದರೂ ಬಿಲ್ಲು ಪಾವತಿ ಮಾಡದವರಿಗೆ ಆತ ಹೇಳಿ ಮಾಡಿಸಿದ ಆಳಾಗುತ್ತಾನೆ.

ತಿಳಿದಿರಲಿ, ಕಾನೂನು ಅವನ ಕೈಬಿಟ್ಟಿಲ್ಲ. ಒಬ್ಬಂಟಿಯಾಗಿ ಸೇವೆ ಒದಗಿಸುವವನೂ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬಹುದು, ಅದಕ್ಕೆ ಶುಲ್ಕವಿಲ್ಲ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ 2006ರ ಕಾಯಿದೆಯ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣದ ಗಡುವು, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದರೆ ಕೆಲಸಕ್ಕೆ ಮುಂಚೆಯೇ ನೋಂದಣಿ ಆಗಿರಬೇಕು, ದಿನಾಂಕ, ದರ, ತಾಸುಗಳನ್ನು ಬರಹದಲ್ಲಿ ಒಪ್ಪಿರಬೇಕು. ನಮ್ಮಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ. ವರ್ಷಕ್ಕೊಂದು ಸಂಜೆ ಕೂತು ಈ ಮಕ್ಕಳಿಗೆ ಇಷ್ಟನ್ನು ಹೇಳಿಕೊಟ್ಟರೆ ಸಂಘ ಸಾರ್ಥಕವಾದೀತು.

ನನ್ನ ಸೂಚನೆಗಳು ಮೂರೇ. ಮೊದಲನೆಯದು, ಮುಂದಿನ ವರ್ಷದ ಅಂದಾಜು ಪತ್ರದಲ್ಲಿ ಚಿತ್ರೀಕರಣಕ್ಕೆ ಪ್ರತ್ಯೇಕ ಬಾಬತ್ತು ಇರಲಿ. ಮಾರುಕಟ್ಟೆಯ ದರವಲ್ಲದಿದ್ದರೂ ಮರ್ಯಾದೆಯ ದರ, ಅದೇ ದಿನ ಪಾವತಿ. ಎರಡನೆಯದು, ವಾರದ ಐದು ದಿನ ಬೀಗ ಹಾಕಿರುವ ನಮ್ಮ ಸಭಾಗೃಹ ಬೆಳಗಿನ ಹೊತ್ತು ಅಭ್ಯಾಸಕ್ಕೆ ತೆರೆದಿರಲಿ. ಈ ಮಹಾನಗರದ ಒಂದು ಕೋಣೆಯ ಮನೆಯಲ್ಲಿ ಹತ್ತು ಹೆಜ್ಜೆ ನೇರವಾಗಿ ನಡೆಯಲು ಜಾಗವೆಲ್ಲಿದೆ? ಮೂರನೆಯದು, ಚಿತ್ರರಂಗದಲ್ಲಿ, ದೂರದರ್ಶನದಲ್ಲಿ ದುಡಿಯುತ್ತಿರುವ ನಮ್ಮ ಸದಸ್ಯರು ವರ್ಷಕ್ಕೆ ಒಬ್ಬೊಬ್ಬರನ್ನಾದರೂ ತಮ್ಮ ಕೈಕೆಳಗೆ ಸಹಾಯಕರಾಗಿ ತೆಗೆದುಕೊಳ್ಳಲಿ. ತಾಯಂದಿರಲ್ಲಿ ಬೇರೆಯೇ ವಿನಂತಿ: ಮಗನಿಗೋ ಮಗಳಿಗೋ ಎರಡು ವರ್ಷದ ಊಟ, ರೈಲಿನ ಪಾಸು, ವಿಮೆಯ ಕಂತು ಕೊಡಿ. ಬಳೆ ಕೈಯಲ್ಲಿಯೇ ಇರಲಿ.

ಈ ಮೂರು ಸೂಚನೆಗಳನ್ನು ಠರಾವಿನ ರೂಪದಲ್ಲಿ ಮುಂಬರುವ ಮಹಾಸಭೆಯಲ್ಲಿ ನಾನೇ ಮಂಡಿಸುವವನಿದ್ದೇನೆ. ವಿರೋಧಿಸುವವರು ಧಾರಾಳವಾಗಿ ವಿರೋಧಿಸಲಿ, ಉತ್ತರ ಕೊಡಲು ಸಿದ್ಧನಿದ್ದೇನೆ. ಅನುಮೋದಿಸಲು ಮಾತ್ರ ಒಬ್ಬರು ಬೇಕಾಗಿದ್ದಾರೆ.